ಒಂದೇ ಮಳೆ, ಎರಡು ಗಂಗಾಳ

(ಚೋರನೂರಿನಲ್ಲಿ ಮುಂಗಾರಿ ಬಿತ್ತನೆಗೆ ಮೊದಲು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ರೋಹಿಣಿ ಮಳೆ ಇನ್ನೂ ಬಂದಿಲ್ಲ. ಬಿತ್ತೋದಕ್ಕೆ ಮುಂಚೆ ನಾಲ್ಕು ಮಾತು ಆಡೋಣ ಅಂತ ಕರೆದಿದ್ದೀರಿ. "ನೀವು ಕವನ ಕಟ್ಟೋರು, ಬಿ.ಎ. ಓದಿದೋರು, ಬೆಳೆ ವಿಚಾರ ನಿಮಗೇನು ಗೊತ್ತಪ್ಪ?" ಅಂತ ಈಗ ತಾನೆ ಒಬ್ಬ ಅಜ್ಜ ಕೇಳಿದರು. ಕೇಳಿದ್ದು ಸರಿಯೇ. ನಮ್ಮ ಕೈಯಲ್ಲಿರೋದು ಪೆನ್ನು, ಕೂರಿಗೆಯಲ್ಲ. ಆದರೆ ಈ ಪೆನ್ನಿಗೆ ಫೀಜು ಕಟ್ಟಿದ್ದು ಕಂಪ್ಲಿ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದ ಅವ್ವಂದಿರ ಸೊಂಟ. ಆ ಸಾಲ ತೀರಿಸೋದಕ್ಕಾದರೂ ನಾವು ಬೆಳೆಯ ಬಗ್ಗೆ ಮಾತಾಡಲೇಬೇಕು.

ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು ಕರ್ನಾಟಕದ ನಕಾಶೆ ಬರೆದು ಬಣ್ಣ ಹಚ್ಚಿಸುತ್ತಿದ್ದರು. ಕರಾವಳಿ, ಮಲೆನಾಡು ಅಂದರೆ ಭತ್ತ. ತುಮಕೂರು, ಕೋಲಾರ, ಹಾಸನದ ಕಡೆ ರಾಗಿ. ಬಿಜಾಪುರ, ರಾಯಚೂರು, ಬಳ್ಳಾರಿಗೆ ಜೋಳ. ಕಲಬುರಗಿಗೆ ತೊಗರಿ. ಕೊಪ್ಪಳದ ಕಡೆ ಸಜ್ಜೆ, ನವಣೆ. ಯಾಕೆ ಹೀಗೆ ಅಂತ ಪರೀಕ್ಷೆಯಲ್ಲಿ ಕೇಳಿದರೆ "ಮಣ್ಣು ಮತ್ತು ಮಳೆ" ಅಂತ ಬರೆಯಬೇಕು. ಬರೆದೆವು. ಅಂಕ ಬಂತು.

ಆ ಉತ್ತರ ಪೂರ್ತಿ ಸುಳ್ಳಲ್ಲ. ಎರೆ ಹೊಲ ನೀರನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಸಿರುಗುಪ್ಪ, ಬಳ್ಳಾರಿ ಕಡೆಯ ಎರೆಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂಗಾರಿ ಬಿಳಿಜೋಳ ಬಿತ್ತಿದರೆ ಬರೀ ಹಸಿಯ ಮೇಲೆ, ಇಬ್ಬನಿಯ ಮೇಲೆ ತೆನೆ ಕಟ್ಟುತ್ತದೆ. ನಮ್ಮ ಕಡೆಯ ಮಸಾರಿ ಹಾಗಲ್ಲ. ಬಂದ ನೀರು ನಿಲ್ಲೋದಿಲ್ಲ. ಹದ ಸಿಕ್ಕ ದಿನವೇ ಬಿತ್ತಬೇಕು. ಎತ್ತು ಇನ್ನೊಬ್ಬರದಾದರೆ ಹದ ತಪ್ಪಿಯೇ ಹೋಗುತ್ತದೆ. ಅದಕ್ಕೆ ಇಲ್ಲಿ ಮುಂಗಾರಿ ಜೋಳ, ಸಜ್ಜೆ, ನವಣೆ, ಶೇಂಗಾ, ನಡುನಡುವೆ ತೊಗರಿ, ಅಲಸಂದಿ, ಹೆಸರಿನ ಅಕ್ಕಡಿ ಸಾಲು. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಅಂತ. ಇದನ್ನು ಯಾವ ವಿಶ್ವವಿದ್ಯಾಲಯವೂ ನಮ್ಮವರಿಗೆ ಕಲಿಸಲಿಲ್ಲ.

ಆದರೆ ನಮಗೆ ಒಂದು ಪ್ರಶ್ನೆ ಉಳಿಯಿತು. ಕಂಪ್ಲಿಯ ಮೇಲೆ ಬೀಳುವ ಮಳೆ ನಮ್ಮ ಮೇಲೆ ಬೀಳುವುದಕ್ಕಿಂತ ಬಹಳ ಹೆಚ್ಚೇನಲ್ಲ. ಅದೂ ಬರದ ಸೀಮೆಯೇ, ಇದೂ ಬರದ ಸೀಮೆಯೇ. ಆದರೂ ಅಲ್ಲಿ ಭತ್ತ, ಕಬ್ಬು. ಹೊಸಪೇಟೆಯಲ್ಲಿ ಬಾಳೆ. ಇಲ್ಲಿ ಒಣ ಹೊಲ. ಮಳೆ ಒಂದೇ ಆದಮೇಲೆ ಗಂಗಾಳ ಎರಡು ಯಾಕಾಯಿತು?

ಉತ್ತರ ಮೋಡದಲ್ಲಿಲ್ಲ, ಕಾಲುವೆಯಲ್ಲಿದೆ.

ಆನೆಗೊಂದಿ, ಹಂಪಿಯ ಅರಸರು ತುಂಗಭದ್ರೆಗೆ ಅಣೆ ಕಟ್ಟಿಸಿ ಕಾಲುವೆ ತೆಗೆಸಿದರು. ರಾಯಕಾಲುವೆ, ಬಸವಕಾಲುವೆ, ತುರ್ತಾ ಕಾಲುವೆ ಇವತ್ತಿಗೂ ಹರಿಯುತ್ತಿವೆ. ನೋಡಲು ಬಂದವರು ಅರಸರನ್ನು ಹೊಗಳುತ್ತಾರೆ. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಈ ಸೀಮೆಯ ಅಕ್ಕಿ, ಜೋಳ, ಹತ್ತಿಗಳನ್ನು ಕೊಂಡಾಡಿದ್ದಾನೆ. ಅವನೇ ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದಾನೆ. ಒಂದು ದೊಡ್ಡ ಕೆರೆಯ ಏರಿ ನಿಲ್ಲದೆ ಕುಸಿಯುತ್ತಿದ್ದಾಗ ಪುರೋಹಿತರ ಮಾತಿನಂತೆ ಅರಸ ಅರವತ್ತು ಮಂದಿಯ ತಲೆ ಕಡಿಸಿದ ಅಂತ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಕೆರೆಯ ಹೆಸರು ಮಾತ್ರ ಉಳಿಯಿತು. ನೀರಿನ ಬುಡದಲ್ಲಿ ಯಾರಿದ್ದಾರೆ ಅಂತ ಗದ್ದೆ ಹೇಳೋದಿಲ್ಲ.

ಮುಂದೆ ದೊಡ್ಡ ಡ್ಯಾಮು ಬಂತು. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. ಬರಗಾಲದ ಸೀಮೆಗೆ ಅನ್ನ ಕೊಡುತ್ತೇವೆ ಅಂತಲೇ ಕಟ್ಟಿದ್ದು. ಬರ ಅಂದರೆ ನಮ್ಮ ಹಿರಿಯರಿಗೆ ಕಥೆಯಲ್ಲ. 1876ರಿಂದ 78ರವರೆಗಿನ ಬರದಲ್ಲಿ ಆಗಿನ ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆಗ ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಕಾಳು ಸಾಕು ಅಂತ ಬ್ರಿಟಿಷ್ ಸಾಹೇಬರು ಲೆಕ್ಕ ಹಾಕಿದರು. ಅಂದರೆ ಅರ್ಧ ಕಿಲೋಗಿಂತ ಕಡಿಮೆ. ಮೊದಲು ಸತ್ತವರು ಹೊಲ ಇಲ್ಲದವರು. ಹೊಲ ಇದ್ದವನ ಮನೆಯಲ್ಲಿ ಹಗೇವು ಇತ್ತು.

ಹಗೇವು ಅಂದೆವು. ಹುಡುಗರು ನೋಡಿರಲಿಕ್ಕಿಲ್ಲ. ನೆಲ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚುವುದು. ವರ್ಷಗಟ್ಟಲೆ ಕೆಡೋದಿಲ್ಲ. ತೆಗೆಯುವಾಗ ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನಿಗೆ ಉಸಿರು ಕಟ್ಟುತ್ತದೆ. ಅದರೊಳಗೆ ಇಳಿಯುವುದಕ್ಕೆ ನಮ್ಮ ತಾತಂದಿರನ್ನು ಕರೆಯುತ್ತಿದ್ದರು. ನಡುವಿನ ಒಳ್ಳೆ ಜೋಳ ಮನೆಯೊಳಗೆ ಹೋಗುತ್ತಿತ್ತು. ಗೋಡೆಗೆ ಅಂಟಿ ಕಪ್ಪಾದ, ಮುಗ್ಗಿದ ಜೋಳ ಕೂಲಿಯಾಗಿ ನಮ್ಮ ಸೆರಗಿಗೆ ಬೀಳುತ್ತಿತ್ತು. "ಆ ರೊಟ್ಟಿ ವಾಸನೆ ಇನ್ನೂ ಮೂಗಿನಾಗ ಐತಿ" ಅಂತ ನಮ್ಮ ಅಜ್ಜಿ ಸಾಯೋತನಕ ಅಂತಿದ್ದಳು. ನಾವೂ ಜೋಳದ ಸೀಮೆಯವರೇ, ಅವರೂ ಜೋಳದ ಸೀಮೆಯವರೇ. ಆದರೆ ಒಂದೇ ಹಗೇವಿನಿಂದ ಎರಡು ಜೋಳ ಬರುತ್ತಿತ್ತು. ಮೇಷ್ಟ್ರ ನಕಾಶೆಯಲ್ಲಿ ಇದಕ್ಕೆ ಬಣ್ಣವೇ ಇರಲಿಲ್ಲ.

ಡ್ಯಾಮಿನ ಮಾತಿಗೆ ಬರೋಣ. ಕಾಗದದ ಮೇಲೆ ಎಡದಂಡೆ ಕಾಲುವೆಯ ನೀರು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ ಅಂತ ಗೊತ್ತುಮಾಡಿದ್ದರು. ಕಡಿಮೆ ನೀರನ್ನು ಹೆಚ್ಚು ಹೊಲಕ್ಕೆ ಹಂಚಬೇಕು, ಬರ ಬಂದರೂ ಎಲ್ಲರಿಗೂ ಒಂದು ಬೆಳೆ ಕೈಗೆ ಬರಬೇಕು ಅನ್ನೋದು ಯೋಜನೆ. ಆದದ್ದು ಏನು? ಕಾಲುವೆಯ ತಲೆಯ ಹತ್ತಿರ ಹೊಲ ಇದ್ದವರು ಭತ್ತ ಹಾಕಿದರು. ಕರಾವಳಿ ಆಂಧ್ರದಿಂದ ದುಡ್ಡು ತಂದವರು ಹೊಲ ಕೊಂಡು ಕ್ಯಾಂಪು ಕಟ್ಟಿದರು. ಅವರಿಗೆ ಭತ್ತದ ಕೆಲಸ ಗೊತ್ತಿತ್ತು, ಬ್ಯಾಂಕೂ ಗೊತ್ತಿತ್ತು. ಭತ್ತದ ಗದ್ದೆ ಜೋಳದ ಹೊಲಕ್ಕಿಂತ ಹಲವು ಪಟ್ಟು ನೀರು ಕುಡಿಯುತ್ತದೆ. ಹೀಗಾಗಿ ಕೊನೆಯ ಹೊಲದವರಿಗೆ ಕಾಲುವೆ ಬಂತು, ನೀರು ಬರಲಿಲ್ಲ. ಕೊನೆಯ ಹೊಲ ಯಾರದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಸಾರಿಗಂತೂ ಕಾಲುವೆಯ ನೆರಳೂ ಬೀಳಲಿಲ್ಲ.

ಮಂಡ್ಯದ ಕಡೆಯೂ ಹೀಗೇ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಬಂದ ಮೇಲೆ ರಾಗಿಯ ನಾಡು ಭತ್ತ, ಕಬ್ಬಿನ ನಾಡಾಯಿತು. ಅದೇ ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನೀರಿಲ್ಲದವನ ಕಾಳಿಗೂ ವಿಜ್ಞಾನ ಬೇಕು ಅಂತ ತಿಳಿದಿದ್ದ ಮನುಷ್ಯ. ಅಂಥವರು ನಮ್ಮ ನವಣೆಗೆ, ಸಜ್ಜೆಗೆ ಎಷ್ಟು ಮಂದಿ ಸಿಕ್ಕರು?

ನೀರು ಹೋದ ಕಡೆ ಭತ್ತ ಹೋಯಿತು, ಭತ್ತ ಹೋದ ಕಡೆ ನಮ್ಮ ಹೆಂಗಸರು ಗುಳೆ ಹೋದರು. ಚೋರನೂರು, ಕೂಡ್ಲಿಗಿ ಸೀಮೆಯ ಕೇರಿಗಳಿಂದ ಕಂಪ್ಲಿಗೆ, ಸಿರುಗುಪ್ಪಕ್ಕೆ, ಗಂಗಾವತಿಗೆ. ಕೆಸರಲ್ಲಿ ಕಾಲು ಹುಣ್ಣಾಗಿ ಬಂದರು. ಬೆಳೆದ ಸೋನಾ ಮಸೂರಿ ಲಾರಿ ಹತ್ತಿ ಬೆಂಗಳೂರಿಗೆ ಹೋಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಮರುವರ್ಷ ಹೊಸ ಗೇಟು ಕೂರಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಅಂದರು. ಗದ್ದೆಯವರು ಪರಿಹಾರ ಕೇಳಿದರು, ಕೇಳಲಿ, ನ್ಯಾಯವೇ. ಆದರೆ ನಾಟಿ ಕೂಲಿ ಕಳಕೊಂಡ ನಮ್ಮ ಅಕ್ಕನ ಹೆಸರು ಯಾವ ಅರ್ಜಿಯಲ್ಲಿತ್ತು?

ಇನ್ನು ಹೊಲದ ಮಾತು. ನಮ್ಮ ಸಂಡೂರು 1949ರವರೆಗೆ ಒಂದು ಸಂಸ್ಥಾನ. 1973ರಲ್ಲಿ ಇಲ್ಲಿನ ರೈತರು ಭೂಮಿಗಾಗಿ ಸತ್ಯಾಗ್ರಹ ಮಾಡಿ ಜೈಲು ಕಂಡರು. 1976ರಲ್ಲಿ ಸಂಡೂರು ಪ್ರದೇಶದ ಇನಾಂ ರದ್ದತಿ ಕಾಯಿದೆ ಆಯಿತು. ರಾಜ್ಯಕ್ಕೆಲ್ಲ 1974ರಲ್ಲಿ ಉಳುವವನೇ ಹೊಲದೊಡೆಯ ಅನ್ನುವ ತಿದ್ದುಪಡಿ ಬಂತು. ದೊಡ್ಡ ಕೆಲಸವೇ, ಅಲ್ಲಗಳೆಯುವುದಿಲ್ಲ. ಆದರೆ ಕಾನೂನು ನೋಡಿದ್ದು ಗೇಣಿದಾರನನ್ನು. ಜೀತದಾಳು ಗೇಣಿ ಚೀಟಿ ಎಲ್ಲಿಂದ ತರಬೇಕು? ಉತ್ತವರು ನಾವು, ಉಳುವವರು ಅಂತ ಬರೆಸಿಕೊಂಡವರು ಬೇರೆ. ನಮಗೆ ಉಳಿದದ್ದು ಗುಡ್ಡದ ಓರೆಯ ಗರಸು, ಬಗರ್‌ಹುಕುಂ ತುಂಡು. ನಮೂನೆ 50 ಹಾಕಿದೆವು, 53 ಹಾಕಿದೆವು, 57 ಹಾಕಿದೆವು. ನಮೂನೆ ಬೆಳೆಯಿತು, ಪಹಣಿ ಬರಲಿಲ್ಲ. ನಡುವೆ ಅದಿರಿನ ಲಾರಿ ಬಂತು, ಹುಡುಗರು ಹೊಲ ಬಿಟ್ಟು ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ವಾಪಸು ಬಂದರು. ಅಷ್ಟರಲ್ಲಿ ಮನೆಯಲ್ಲಿ ಎತ್ತೂ ಇರಲಿಲ್ಲ, ಬೀಜವೂ ಇರಲಿಲ್ಲ.

ಬೀಜ ಹೋದದ್ದು ಹೇಗೆ? ಮೆಕ್ಕೆಜೋಳದ ಜೊತೆ ಹೋಯಿತು. ದಾವಣಗೆರೆ, ಹಾವೇರಿ, ಚಿತ್ರದುರ್ಗದಿಂದ ಹಬ್ಬಿ ನಮ್ಮ ಕಡೆಗೂ ಅದು ಬಂತು. ನಮ್ಮವರನ್ನು ಬೈಯುವುದಿಲ್ಲ. "ಏನವ್ವ, ಈ ಸಲ ಏನು ಹಾಕೀರಿ?" ಅಂದರೆ "ಮೆಕ್ಕೆಜೋಳ ಬಿಟ್ಟು ಇನ್ನೇನು ಹಾಕಬೇಕಪ್ಪ, ಹಕ್ಕಿ ಕಾಯೋರು ಯಾರು, ಕೊಯ್ಯೋರು ಯಾರು?" ಅಂತಾರೆ. ನಿಜ. ದಲ್ಲಾಳಿ ಕಣಕ್ಕೇ ಬಂದು ದುಡ್ಡು ಕೊಡುತ್ತಾನೆ. ಆದರೆ ಆ ಕಾಳು ಕೋಳಿ ಫಾರಂಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ, ನಮ್ಮ ಒಲೆಗೆ ಬರುವುದಿಲ್ಲ. ಹೈಬ್ರಿಡ್ ಬೀಜ ತೆಗೆದಿಟ್ಟು ಬಿತ್ತುವ ಹಾಗಿಲ್ಲ, ಪ್ರತಿ ವರ್ಷ ಅಂಗಡಿಗೆ ಹೋಗಬೇಕು. 2018ರಲ್ಲಿ ಸೈನಿಕ ಹುಳು ಈ ದೇಶದಲ್ಲಿ ಮೊದಲು ಕಂಡದ್ದೇ ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿ. ಔಷಧಿ ಖರ್ಚು ಸೇರಿತು. 2025ರ ಹಂಗಾಮಿನಲ್ಲಿ ಕ್ವಿಂಟಲಿಗೆ 2400 ರೂಪಾಯಿ ಬೆಂಬಲ ಬೆಲೆ ಅಂತ ಸಾರಿದರು. ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗೆ ಬಂದರು. ಜೋಳ ಬೆಳೆದಿದ್ದರೆ ಬೆಲೆ ಬಿದ್ದರೂ ರೊಟ್ಟಿ ಇರುತ್ತಿತ್ತು, ದನಕ್ಕೆ ಸೊಪ್ಪೆ ಇರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. 2023ರಲ್ಲಿ ಲೋಕವೆಲ್ಲ ಸಿರಿಧಾನ್ಯ ವರ್ಷ ಆಚರಿಸಿತು. ಪಟ್ಟಣದ ಸಕ್ಕರೆ ಕಾಯಿಲೆಯವರು ನವಣೆ ಹುಡುಕಿಕೊಂಡು ಬಂದರು. ಅವರಲ್ಲಿ ಕೆಲವರು ನಮಗೆ ಉಪದೇಶ ಮಾಡುತ್ತಾರೆ: ಅಕ್ಕಿ ಬಿಡಿ, ಹಿಂದಿನವರಂತೆ ಜೋಳ, ನವಣೆ ತಿನ್ನಿ, ಗಟ್ಟಿಯಾಗಿರಿ. ಹಿಂದಿನವರು ತಿಂದದ್ದು ಮುಗ್ಗಿದ ಜೋಳ ಅಂತ ಅವರಿಗೆ ಗೊತ್ತಿಲ್ಲ. ನಮ್ಮ ಕೇರಿಯಲ್ಲಿ ಅನ್ನ ಅಂದರೆ ಹಬ್ಬ, ಇಲ್ಲವೇ ಉಳ್ಳವರ ಮದುವೆಯ ಎಂಜಲೆಲೆ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದು ರೂಪಾಯಿಗೆ ಕಿಲೋ ಅಕ್ಕಿ ಸಿಕ್ಕಾಗ ನಮ್ಮ ಎಷ್ಟೋ ತಾಯಂದಿರು ಮೊದಲ ಸಲ ಗೌಡರ ಬಾಗಿಲಿಗೆ ಹೋಗದೆ ಒಲೆ ಹಚ್ಚಿದರು. ಆ ಅಕ್ಕಿಯ ವಿರುದ್ಧ ನಾವು ಒಂದು ಮಾತೂ ಆಡುವುದಿಲ್ಲ.

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ, ಭತ್ತ ಕೆಡುತ್ತದೆ, ರಾಗಿ ಗೆಲ್ಲುತ್ತದೆ. ಕುರುಬರ ಕುಲದ ಕವಿ ಬಡವರ ಕಾಳನ್ನು ಸಭೆಯಲ್ಲಿ ಗೆಲ್ಲಿಸಿದ. ನಮಗೆ ಹೆಮ್ಮೆ. ಆದರೆ ಕಾಳು ಗೆದ್ದರೆ ಸಾಲದು, ಕಾಳು ಬೆಳೆದವನು ಗೆಲ್ಲಬೇಕು. ಬಾಬಾಸಾಹೇಬರು 1918ರಲ್ಲೇ ತುಂಡು ಹಿಡುವಳಿಗಳ ಬಗ್ಗೆ ಬರೆದು, ಎಕರೆ ಎಷ್ಟು ಅಂತ ಮಾತ್ರ ನೋಡಬೇಡಿ, ಉಳುವವನ ಕೈಯಲ್ಲಿ ಎತ್ತು, ಸಲಕರಣೆ, ಬಂಡವಾಳ ಎಷ್ಟಿದೆ ನೋಡಿ ಅನ್ನುವ ವಿಚಾರ ಮುಂದಿಟ್ಟರು. 1947ರಲ್ಲಿ ಹೊಲ ಸರ್ಕಾರದ್ದಾಗಿ, ಜಾತಿ ನೋಡದೆ ಊರವರೆಲ್ಲ ಕೂಡಿ ಬೇಸಾಯ ಮಾಡಬೇಕು ಅಂದರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದೂ ಅವರೇ. ನೀರು, ಹೊಲ, ಕಾಳು ಮೂರೂ ಒಂದೇ ಹೋರಾಟ.

ಹಾಗಾದರೆ ನಾವು ಏನು ಕೇಳಬೇಕು?

2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗಲಿಲ್ಲ ಅಂತ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ದುಡ್ಡು ಕೊಟ್ಟಿತು. ಅಕ್ಕಿಗೆ ಊರೂರು ಅಲೆಯುವಾಗ ಕಾಲ ಕೆಳಗಿನ ಜೋಳ ಕಾಣಲಿಲ್ಲವೇ? ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳವನ್ನು ಪಡಿತರದಲ್ಲಿ ಕೊಟ್ಟದ್ದೂ ಉಂಟು. ಆಗದ ಮಾತೇನಲ್ಲ. ಅಕ್ಕಿ ಕಡಿಯಬೇಡಿ, ಅದರ ಜೊತೆಗೆ ಜೋಳ, ನವಣೆ ಕೊಡಿ. ಅದನ್ನು ಹೋಬಳಿಯಲ್ಲೇ, ಬೆಂಬಲ ಬೆಲೆಗೆ ನಮ್ಮ ಕೈಯಿಂದ ಕೊಳ್ಳಿ.

ಆದರೆ ಖರೀದಿ ಕೇಂದ್ರದಲ್ಲಿ ಮೊದಲು ಕೇಳೋದು ಫ್ರೂಟ್ಸ್ ನೋಂದಣಿ; ನೋಂದಣಿಗೆ ಪಹಣಿ ಬೇಕು. ಪಹಣಿ ಇಲ್ಲದವನು ಬೆಳೆದ ಜೋಳ ಸರ್ಕಾರದ ಕಣ್ಣಿಗೆ ಜೋಳವೇ ಅಲ್ಲ. ಅವನು ದಲ್ಲಾಳಿಗೇ ಮಾರಬೇಕು, ದಲ್ಲಾಳಿ ಹೇಳಿದ್ದನ್ನೇ ಬಿತ್ತಬೇಕು. ಬಂಧುಗಳೆ, ನಾವು ಏನು ಬಿತ್ತುತ್ತೇವೆ ಅನ್ನೋದು ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಕೂತಿದೆ. ಅದಕ್ಕೇ ಬಗರ್‌ಹುಕುಂ ಅರ್ಜಿಯ ಹೋರಾಟವೂ ಬೆಳೆಯ ಹೋರಾಟವೇ. ಮಂಜೂರಾಗಿ ಮಾರಿಹೋದ ಹೊಲ ಇದ್ದವರು 1978ರ ಪಿ.ಟಿ.ಸಿ.ಎಲ್. ಕಾಯಿದೆ ಮರೆಯಬೇಡಿ, 2023ರ ತಿದ್ದುಪಡಿಯಲ್ಲಿ ಕಾಲಮಿತಿಯ ತೊಡಕು ತೆಗೆದಿದ್ದಾರೆ. ಕಾಗದ ಹುಡುಕಿ. ಓದಿದ ನಾವು ಬರೆದುಕೊಡುತ್ತೇವೆ. ನಮ್ಮ ಬಿ.ಎ. ಇದಕ್ಕಾದರೂ ಬರಲಿ.

ಕೊನೆಗೆ ನಮ್ಮ ಕೈಯಲ್ಲೇ ಇರುವ ಒಂದು ಕೆಲಸ. ಈ ಸಲ ಹೊಲದಲ್ಲಿ ಮೆಕ್ಕೆಜೋಳವೇ ಹಾಕಿದರೂ ಬದುವಿನ ಬದಿ ನಾಲ್ಕು ಸಾಲು ಜೋಳ, ಎರಡು ಸಾಲು ನವಣೆ, ನಡುವೆ ತೊಗರಿ ಬಿಡಿ. ಒಳ್ಳೆ ತೆನೆ ಆರಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿ ಇಡಿ. ಬೀಜ ಇದ್ದರೆ ನಾಳೆ ಪಹಣಿ ಬಂದ ದಿನ ಬಿತ್ತಲು ನಮ್ಮದು ಅಂತ ಏನಾದರೂ ಇರುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಗಾದೆ. ಆ ಓಣಿಯಲ್ಲಿ ನಮ್ಮ ಕೇರಿಯೂ ಸೇರಲಿ.

ಮಾತು ಉದ್ದವಾಯಿತು. ನಾಳೆ ಬೆಳಗ್ಗೆ ಅರ್ಜಿ ತುಂಬಿಸುವವರು ಹಳೆಯ ರಸೀದಿ ಹಿಡಿದು ಕಟ್ಟೆ ಹತ್ತಿರ ಬನ್ನಿ.

ಜೈ ಭೀಮ್.