ಮಸಿಗಾಜು ಮತ್ತು ನದಿಯ ಬಣ್ಣ

ಗ್ರಹಣ ನೋಡುವುದಕ್ಕಾಗಿ ಗಾಜಿನ ತುಂಡಿಗೆ ಚಿಮಿಣಿ ದೀಪದ ಮಸಿ ಹಿಡಿಸಿ ಕಣ್ಣಿಗೊಡ್ಡಿಕೊಂಡ ನೆನಪು ನನ್ನ ವಯಸ್ಸಿನ ಕೇಳುಗರಿಗೆ ಇದ್ದೀತು. 1980ರ ಫೆಬ್ರವರಿಯಲ್ಲಿ ಅಂಕೋಲೆಯ ಕಡೆಯವರಿಗೆ ಖಗ್ರಾಸ ಗ್ರಹಣದ ದರ್ಶನವಾದಾಗ ಮಂಗಳೂರಿನ ನಮಗೆ ದೊರೆತದ್ದು ಖಂಡಗ್ರಾಸ ಮಾತ್ರ. ಆ ಗಾಜಿನೊಳಗಿಂದ ಕಂಡ ಸೂರ್ಯ ಬೆಳ್ಳಗಿರಲಿಲ್ಲ. ಕಿತ್ತಳೆಯ ತೊಳೆಯಂತೆ ಕೆಂಪಗಿದ್ದ. ಮಸಿ ಬೆಳಕನ್ನು ತಗ್ಗಿಸಿದ್ದು ನಿಜ, ಎಲ್ಲ ಬಣ್ಣಗಳನ್ನೂ ಸಮನಾಗಿ ತಗ್ಗಿಸಿರಲಿಲ್ಲ. ನೀಲಿಯನ್ನು ಹೆಚ್ಚು ನುಂಗಿ, ಕೆಂಪಿಗೆ ದಾರಿ ಬಿಟ್ಟಿತ್ತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಗಂತೂ ಅದರ ಬಾಗಿಲು ಇನ್ನಷ್ಟು ತೆರೆದಿತ್ತು. ವೈದ್ಯರು ಮಸಿಗಾಜು ಬೇಡವೆನ್ನುವುದಕ್ಕೆ ಇದೂ ಒಂದು ಕಾರಣ. 2019ರ ಡಿಸೆಂಬರ್ 26ರಂದು ನಮ್ಮೂರಿನಲ್ಲೇ ಕಂಕಣ ಗ್ರಹಣ ಕಂಡಾಗ ನಮ್ಮ ಓಣಿಯ ಮಕ್ಕಳ ಕೈಯಲ್ಲಿ ಮಸಿಗಾಜಿರಲಿಲ್ಲ, ಗ್ರಹಣದ ಕನ್ನಡಕವಿತ್ತು.

ಹೀಗೆ ಮರೆಯಾಯಿತೆಂದು ನಾನು ತಿಳಿದಿದ್ದ ಮಸಿಗಾಜು ಬೇರೊಂದು ರೂಪದಲ್ಲಿ ಮತ್ತೆ ಎದುರಾದದ್ದು ನನ್ನ ಸೋದರಳಿಯನ ಡ್ರೋನಿನಲ್ಲಿ.

ಮಳೆಗಾಲ ಮುಗಿದು, ಆಕಾಶ ತೊಳೆದಿಟ್ಟ ಕಂಚಿನ ಬಟ್ಟಲಿನಂತಿದ್ದ ಒಂದು ಬೆಳಗ್ಗೆ, ಹಾರಾಟಕ್ಕೆ ಸಂಬಂಧಿಸಿದ ಸರಕಾರಿ ನಕ್ಷೆಯನ್ನು ನೋಡಿಕೊಂಡು, ಅವನು ಬೆಂಗ್ರೆಯ ದಂಡೆಯಿಂದ ಡ್ರೋನನ್ನು ಏರಿಸಿದ. (ಈ ನಕ್ಷೆ ನೋಡದೆ ಹಾರಿಸುವ ಉತ್ಸಾಹಿಗಳು ಅನೇಕರು. ಬಜಪೆಯ ವಿಮಾನಗಳೂ ಪಣಂಬೂರಿನ ಬಂದರೂ ಇರುವ ಊರಿನಲ್ಲಿ ಅದು ಹುಡುಗಾಟವಲ್ಲ; 2021ರ ಡ್ರೋನ್ ನಿಯಮಗಳನ್ನು ಒಮ್ಮೆ ಓದಿಕೊಳ್ಳುವುದು ಲೇಸು.) ನೇತ್ರಾವತಿ ಒಂದು ಕಡೆಯಿಂದ, ಗುರುಪುರ ಹೊಳೆ ಇನ್ನೊಂದು ಕಡೆಯಿಂದ ಬಂದು ಒಂದೇ ಅಳಿವೆಬಾಗಿಲಿನಲ್ಲಿ ಕಡಲು ಸೇರುವ ನೋಟವನ್ನು ಅವನು ಸೆರೆಹಿಡಿದು ತಂದ. ಚಿತ್ರ ಬಹಳ ನಯವಾಗಿತ್ತು. ಆದರೆ ನೀರು ಹಾಲು ಕಡಿಮೆಯಾದ ಚಹಾದಂತೆ ಕಂದಾಗಿತ್ತು. ನದಿಗೆ ಸೇರುವ ಹೊಲಸಿನ ಬಗ್ಗೆ ನಾವು ಕೆಲವರು ಒಂದು ಮನವಿಯನ್ನು ಸಿದ್ಧಪಡಿಸುತ್ತಿದ್ದೆವು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದು ನನಗೆ ಅನ್ನಿಸಿತು. ವಾಚನಾಲಯದ ಗೋಡೆಯ ಮೇಲೆ ಹತ್ತಿಪ್ಪತ್ತು ಜನರಿಗೆ ಅದನ್ನು ತೋರಿಸಿಯೂ ತೋರಿಸಿದೆ.

ಎಲ್ಲರೂ ಅಯ್ಯೋ ಎಂದರು. ಹಿಂದಿನ ಬೆಂಚಿನಲ್ಲಿದ್ದ ಬೆಂಗ್ರೆಯ ಹಿರಿಯ ಮೀನುಗಾರರೊಬ್ಬರು ಮಾತ್ರ ಹಾಗೆನ್ನಲಿಲ್ಲ. “ಮಾಸ್ಟ್ರೇ, ಆ ದಿನ ಬೆಳಗ್ಗೆ ನಾನು ಅದೇ ನೀರಿನಲ್ಲಿ ಬಲೆ ಬಿಟ್ಟಿದ್ದೆ. ನೀರು ಹಸಿರಾಗಿತ್ತು. ಇದು ಯಾವ ಊರಿನ ಹೊಳೆ?” ಎಂದು ಕೇಳಿದರು. ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಅಳಿಯನೂ ನಾನೂ ಚಿತ್ರವನ್ನು ಮತ್ತೆ ನೋಡಿದೆವು. ನೀರಿನ ಮೇಲೆ ಒಂದು ಬಿಳಿಯ ದೋಣಿಯಿತ್ತು; ಅದೂ ಹಳದಿ ತಿರುಗಿತ್ತು. ದಂಡೆಯ ತೆಂಗಿನ ಗರಿಗಳು ನವೆಂಬರಿನಲ್ಲೇ ಬಾಡಿದಂತಿದ್ದವು. “ಮಾವ, ಇದು ಫಿಲ್ಟರಿನ ಕೆಲಸ” ಎಂದ ಅಳಿಯ, ತಪ್ಪು ಮಾಡಿದ ಮಗುವಿನ ದನಿಯಲ್ಲಿ.

ಡ್ರೋನಿಗೆ ಈ ಫಿಲ್ಟರಿನ ಹಂಗು ಏಕೆ ಎಂದು ಕೇಳುಗರು ಕೇಳಬಹುದು. ಬಹುಪಾಲು ಸಣ್ಣ ಡ್ರೋನುಗಳ ಲೆನ್ಸಿನಲ್ಲಿ ಕಿಂಡಿಯನ್ನು ಕಿರಿದು ಮಾಡುವ ಏರ್ಪಾಡಿಲ್ಲ, ಎಫ್ 2.8 ಎಂದರೆ ಬಿಸಿಲಿಗೂ ಮೋಡಕ್ಕೂ ಅದೇ. ಹಳೆಯ ಛಾಯಾಗ್ರಾಹಕರ ಬಾಯಿಲೆಕ್ಕವೊಂದಿದೆ: ಒಳ್ಳೆಯ ಬಿಸಿಲಿನಲ್ಲಿ ಎಫ್ 16, ಫಿಲ್ಮಿನ ವೇಗ 100, ಷಟರು ಸೆಕೆಂಡಿನ ನೂರರಲ್ಲೊಂದು ಪಾಲು. ಕಿಂಡಿಯನ್ನು ಎಫ್ 2.8ಕ್ಕೆ ತೆರೆದರೆ ಒಳಬರುವ ಬೆಳಕು 32 ಪಟ್ಟಾಗುತ್ತದೆ. ಷಟರು 3,200ರಲ್ಲೊಂದು ಪಾಲಿಗೆ ಇಳಿಯಬೇಕು. ಸ್ಥಿರಚಿತ್ರಕ್ಕೆ ಇದರಿಂದ ಬಾಧಕವೇನಿಲ್ಲ. ಚಲಿಸುವ ಚಿತ್ರದಲ್ಲಿ ಮಾತ್ರ, ಪ್ರತಿಯೊಂದು ಚೌಕಟ್ಟೂ ಅತಿಯಾಗಿ ಚೂಪಾಗಿ, ಅಲೆಗಳು ಕುಪ್ಪಳಿಸಿದಂತೆ ಕಾಣುತ್ತವೆ. ಸೆಕೆಂಡಿಗೆ 25 ಚೌಕಟ್ಟು ತೆಗೆಯುವಾಗ ಷಟರು ಐವತ್ತರಲ್ಲೊಂದು ಪಾಲು ತೆರೆದಿದ್ದರೆ ಕಣ್ಣಿಗೆ ಹಿತವೆಂಬುದು ಚಲನಚಿತ್ರದವರ ರೂಢಿ. ಹಾಗಾದರೆ 3,200ನ್ನು 50ರಿಂದ ಭಾಗಿಸಿ: ಬೆಳಕನ್ನು 64ರಲ್ಲೊಂದು ಪಾಲಿಗೆ ತಗ್ಗಿಸಬೇಕು. ಆ ಕೆಲಸಕ್ಕೆ ಬರುವುದೇ ಎನ್.ಡಿ. 64 ಎಂಬ ಗಾಜು. ಅದರ ಪೂರ್ಣ ಹೆಸರು ನ್ಯೂಟ್ರಲ್ ಡೆನ್ಸಿಟಿ. ನ್ಯೂಟ್ರಲ್ ಎಂದರೆ ಯಾವ ಬಣ್ಣದ ಪಕ್ಷವನ್ನೂ ವಹಿಸದ್ದು. ಹೆಸರೇನೋ ಹಾಗಿದೆ.

ನಡತೆ ಹಾಗಿರಬೇಕೆಂದಿಲ್ಲ. ಗಾಜಿಗೆ ಬೆರೆಸಿದ ಅಥವಾ ಲೇಪಿಸಿದ ವಸ್ತು ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಹೀರಿಕೊಳ್ಳುವುದು ಅಪರೂಪ. ಒಂದು ಗಾಜು ಚಿತ್ರಕ್ಕೆ ಹಸಿರು ಬಳಿದರೆ ಇನ್ನೊಂದು ಹಳದಿ ಬಳಿಯುತ್ತದೆ. ಗಾಜು ಕಪ್ಪಾದಷ್ಟೂ ದೋಷ ಎದ್ದು ಕಾಣುತ್ತದೆ. ಇದು ಚಿತ್ರದ ತುಂಬ ಸಮನಾಗಿ ಹರಡಿರುವುದಾದರೆ ಅಷ್ಟು ಕೆಟ್ಟದ್ದಲ್ಲ. ಉಪ್ಪು ಹೆಚ್ಚಾದ ಸಾರಿನಂತೆ, ಎಷ್ಟು ಹೆಚ್ಚಾಗಿದೆಯೆಂದು ತಿಳಿದರೆ ಉಪಾಯವಿದೆ.

ಅವಕೆಂಪಿನ ಸಂಗತಿ ಬೇರೆ. ಕ್ಯಾಮೆರಾದೊಳಗಿನ ಸಿಲಿಕಾನ್ ಬಿಲ್ಲೆಗೆ ನಮ್ಮ ಕಣ್ಣಿಗೆ ಕಾಣದ ಅವಕೆಂಪೂ ಕಾಣುತ್ತದೆ. ಅದನ್ನು ತಡೆಯಲು ಒಳಗೆ ಒಂದು ತೆರೆಯಿದ್ದರೂ ಅಲ್ಪಸ್ವಲ್ಪ ನುಸುಳುತ್ತದೆ. ಬೆಳಕು ತುಂಬಿರುವಾಗ ಆ ನುಸುಳುವಿಕೆ ಲೆಕ್ಕಕ್ಕಿಲ್ಲ. ಅಗ್ಗದ ಎನ್.ಡಿ. ಗಾಜು ಕಾಣುವ ಬೆಳಕನ್ನು 64ರಲ್ಲೊಂದು ಪಾಲಿಗೆ ತಗ್ಗಿಸಿ ಅವಕೆಂಪನ್ನು ಹಾಗೆಯೇ ಬಿಟ್ಟರೆ, ಮನೆಯವರೆಲ್ಲ ಎದ್ದು ಹೋದ ಮೇಲೆ ಉಳಿದ ಅತಿಥಿಯಂತೆ ಅದರದೇ ದನಿ ಜೋರಾಗುತ್ತದೆ. ಹಸಿರೆಲೆಗಳು ಅವಕೆಂಪನ್ನು ಧಾರಾಳವಾಗಿ ಹಿಂದಕ್ಕೆ ಎಸೆಯುತ್ತವೆ, ನೀರು ಅದನ್ನು ಹೀರಿಬಿಡುತ್ತದೆ, ಕೆಲವು ಕಪ್ಪು ಬಟ್ಟೆಗಳೂ ಎಲೆಗಳಂತೆಯೇ ಎಸೆಯುತ್ತವೆ. ಆದ್ದರಿಂದ ಈ ದೋಷ ವಸ್ತುವಿನಿಂದ ವಸ್ತುವಿಗೆ ಬೇರೆ. ಇಡೀ ಚಿತ್ರಕ್ಕೆ ಒಂದೇ ಮದ್ದು ಹಾಕಿದರೆ ತೆಂಗು ಸರಿಹೋಗುವಷ್ಟರಲ್ಲಿ ನೀರು ಕೆಟ್ಟಿರುತ್ತದೆ.

ನಮ್ಮದು ಎರಡರಲ್ಲಿ ಯಾವುದು? ತಾರಸಿಯ ಮೇಲೆ ಬಿಸಿಲಿನಲ್ಲಿ ಒಂದು ಗ್ರೇ ಕಾರ್ಡ್, ಎಂದರೆ ಛಾಯಾಗ್ರಾಹಕರು ಬಳಸುವ ಬೂದುಬಣ್ಣದ ರಟ್ಟು, ಅದರ ಪಕ್ಕದಲ್ಲಿ ನನ್ನ ಕಪ್ಪು ಕೊಡೆ, ಒಂದು ಕುಂಡದ ತುಳಸಿ. ಫಿಲ್ಟರಿಲ್ಲದೆ ಒಂದು ಚಿತ್ರ, ಹಾಕಿ ಒಂದು ಚಿತ್ರ. ರಟ್ಟು ಹಳದಿ ತಿರುಗಿತು: ಅದು ಗಾಜಿನ ಸ್ವಂತ ಬಣ್ಣ. ಆ ಹಳದಿಯನ್ನು ಕಂಪ್ಯೂಟರಿನಲ್ಲಿ ಕಳೆದ ಮೇಲೂ ಕೊಡೆ ಕಪ್ಪಾಗಲಿಲ್ಲ, ಕೋಕಮ್ಮಿನ ಸಿಪ್ಪೆಯಂತೆ ಕಂದುಗೆಂಪಾಗಿಯೇ ಉಳಿಯಿತು: ಅದು ಅವಕೆಂಪು. ಎರಡು ರೋಗವೂ ಒಂದೇ ಗಾಜಿನಲ್ಲಿದ್ದವು. ಸ್ನೇಹಿತನಿಂದ ಎರವಲು ತಂದ, ಅವಕೆಂಪನ್ನು ತಡೆಯುವ ಲೇಪವಿರುವ ಗಾಜಿನಲ್ಲಿ ಕೊಡೆ ಕೊಡೆಯಾಗಿಯೇ ಕಂಡಿತು. ಬೆಲೆ ಹೆಚ್ಚು. ಕೊಳ್ಳುವವರು ಅಂಗಡಿಗೆ ಹೋಗುವಾಗ ಕಪ್ಪು ಕೊಡೆಯೊಂದನ್ನು ಕೊಂಡೊಯ್ಯಬೇಕೆಂಬುದು ನನ್ನ ಸಲಹೆ. ಮಂಗಳೂರಿನಲ್ಲಿ ಯಾರೂ ಅದಕ್ಕಾಗಿ ನಗುವುದಿಲ್ಲ.

ಅಳಿಯ ಇನ್ನೂ ಒಂದು ಎಡವಟ್ಟು ಮಾಡಿದ್ದ. ವೈಟ್ ಬ್ಯಾಲೆನ್ಸ್ ಎಂಬ ಬಿಳುಪಿನ ಅಳತೆಯನ್ನು ಅವನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ತಾನೇ ಗೊತ್ತುಮಾಡಿದ್ದ. ಇದು ಸರಿಯೇ. ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ನಮ್ಮ ಊರಿನ ಮೇಲೆ ಅದು ಗೊಂದಲಕ್ಕೀಡಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ನದಿಗಳ ದಂಡೆಯ ಜೇಡಿಮಣ್ಣು ನಮ್ಮ ಮಾಡುಗಳನ್ನು ಕೆಂಪಾಗಿಸಿದೆ. ಅಷ್ಟೊಂದು ಕೆಂಪನ್ನು ಕಂಡ ಕ್ಯಾಮೆರಾ ಇದೇನೋ ದೋಷವೆಂದು ತಿಳಿದು ನೀಲಿಯನ್ನು ಸುರಿಯುತ್ತದೆ, ಕಡಲಿಗೆ ತಿರುಗಿದೊಡನೆ ಮತ್ತೆ ಮನಸ್ಸು ಬದಲಿಸುತ್ತದೆ. ಆದರೆ ಅಳಿಯ ಅಳತೆ ಗೊತ್ತುಮಾಡಿದ್ದು ಫಿಲ್ಟರ್ ಹಾಕುವ ಮೊದಲು. ಹಾಕಿದ ಮೇಲೆ, ಅದೇ ಬಿಸಿಲಿನಲ್ಲಿ, ರಟ್ಟನ್ನು ನೋಡಿ ಗೊತ್ತುಮಾಡಬೇಕಿತ್ತು. ಅಷ್ಟಾದರೂ ಡ್ರೋನಿನ ಕೆಲ್ವಿನ್ ಅಂಕಿ ಹಳದಿ ನೀಲಿಗಳ ತೂಕವನ್ನಷ್ಟೇ ಸರಿಪಡಿಸುತ್ತದೆ. ಹಸಿರಿನ ಕಡೆಗೋ ನೇರಳೆಗೆಂಪಿನ ಕಡೆಗೋ ವಾಲಿದ್ದನ್ನು ಆಮೇಲೆ ಕಂಪ್ಯೂಟರಿನಲ್ಲೇ ತಿದ್ದಬೇಕು. ಅದಕ್ಕೂ ಹಾರಾಟದ ಮೊದಲು ತೆಗೆದ ರಟ್ಟಿನ ಚಿತ್ರವೊಂದು ಕೈಯಲ್ಲಿರಬೇಕು.

ಇಷ್ಟೆಲ್ಲ ತಿಳಿದ ಮೇಲೆ ನನ್ನ ತೀರ್ಮಾನ ಸರಳವಾದುದು: ಮದುವೆಗೋ ಪ್ರವಾಸಕ್ಕೋ ನಯವಾದ ಚಲನಚಿತ್ರ ಬೇಕಾದವರು ಫಿಲ್ಟರ್ ಹಾಕಲಿ. ನೀರಿನ ಬಣ್ಣಕ್ಕೆ ಸಾಕ್ಷಿ ಹೇಳಬೇಕಾದ ಚಿತ್ರಕ್ಕೆ ಅಲೆಯ ನಯ ಏತಕ್ಕೆ? ಮುಂದಿನ ವಾರ ಫಿಲ್ಟರನ್ನು ಮನೆಯಲ್ಲೇ ಬಿಟ್ಟು ಹೋದೆವು. ರಟ್ಟಿನ ಚಿತ್ರ ಮೊದಲು, ಆಮೇಲೆ ತಿದ್ದದ ಮೂಲರೂಪದಲ್ಲಿ ಸ್ಥಿರಚಿತ್ರಗಳು. ನೀರು ಹಸಿರಾಗಿಯೇ ಇತ್ತು. ಗುರುಪುರ ಹೊಳೆಯ ಮಗ್ಗುಲಲ್ಲಿ ಮಾತ್ರ ದಂಡೆಗೆ ಅಂಟಿಕೊಂಡು ಒಂದು ಕಂದು ಪಟ್ಟಿ, ಸೀರೆಯ ಅಂಚಿನಷ್ಟು ಅಗಲ. ಮೊದಲ ಚಿತ್ರದಲ್ಲಿ ಇಡೀ ನದಿಯೇ ಕಂದಾಗಿದ್ದುದರಿಂದ ಈ ಪಟ್ಟಿ ನಮಗೆ ಕಂಡೇ ಇರಲಿಲ್ಲ. ಬೆಂಗ್ರೆಯ ಆ ಹಿರಿಯರಿಗೆ ಚಿತ್ರವನ್ನು ಒಯ್ದು ತೋರಿಸಿದೆ. ಬಹಳ ಹೊತ್ತು ನೋಡಿ, ಪಟ್ಟಿಯ ಮೇಲೆ ಬೆರಳಿಟ್ಟು, “ಇದು ಹೌದು. ಇಲ್ಲಿ ನಾವು ಬಲೆ ಹಾಕುವುದಿಲ್ಲ” ಎಂದರು.

ಮನವಿಗೆ ಲಗತ್ತಿಸಿದ್ದು ಆ ಚಿತ್ರವನ್ನು. ರಟ್ಟಿನ ಚಿತ್ರವನ್ನೂ ಜೊತೆಗಿಟ್ಟೆವು. ಹಳೆಯ ಚಲನಚಿತ್ರವನ್ನು ಅಳಿಯ ದೋಣಿಯ ಬಿಳುಪನ್ನು ಆಧಾರವಾಗಿಟ್ಟು ತಿದ್ದಲು ನೋಡಿದ. ನೀರು ಬಹಳಮಟ್ಟಿಗೆ ಹಸಿರಾಯಿತು. ತೆಂಗಿನ ಗರಿಗಳು ಮಾತ್ರ ಇನ್ನೂ ಬಾಡಿಯೇ ಇವೆ.