ಬಿಡುವಿನಲ್ಲಿ ಬರೆದ ಕೋಡ್

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಅರ್ಥವಾಗದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಅಂಥ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದು ಮುಕ್ತವಾಗಿ ಹಂಚಿದರು. ಹಾಗೆಯೇ ಸ್ವಯಂಸೇವಕರ ಸಂಚಯ ತಂಡ ಕಟ್ಟಿದ 'ವಚನ ಸಂಚಯ' ಜಾಲತಾಣದಲ್ಲಿ ಇಂದು 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಯಾರು ಬೇಕಾದರೂ ಹುಡುಕಬಹುದು. ಇಂಥ ಕೆಲಸದಲ್ಲಿ ಲಾಭವಿಲ್ಲ. ಆದ್ದರಿಂದಲೇ ತಂತ್ರಜ್ಞಾನ ಬಲ್ಲವರ ಬಿಡುವಿನ ಗಂಟೆಗಳಿಗೆ ಇಲ್ಲಿ ಅಷ್ಟೊಂದು ಬೆಲೆ. ಸಂಬಳವಿಲ್ಲದ ದುಡಿಮೆ ಎಷ್ಟು ದಿನ ನಡೆದೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ದಣಿದವರು ಕೈಬಿಡುತ್ತಾರೆ, ನಿಜ. ಆದರೆ ಮುಚ್ಚಿಟ್ಟ ತಂತ್ರಾಂಶ ಮಾಲೀಕರು ಬಿಟ್ಟಲ್ಲಿಗೇ ನಿಲ್ಲುತ್ತದೆ. ಮುಕ್ತ ಕೋಡನ್ನು ಮತ್ತೊಬ್ಬರು ಎತ್ತಿಕೊಂಡು ತಿದ್ದಬಹುದು. ಕೋಡ್ ಬಾರದವರಿಗೂ ಇಲ್ಲಿ ಜಾಗವಿದೆ: ಕನ್ನಡ ವಿಕಿಸೋರ್ಸಿನಲ್ಲಿ ಸ್ಕ್ಯಾನ್ ಮಾಡಿದ ಪುಟವನ್ನು ನೋಡಿಕೊಂಡು, ಯಂತ್ರ ತಪ್ಪಾಗಿ ಓದಿದ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸುವ ಕೆಲಸ ಇನ್ನೂ ಬೇಕಾದಷ್ಟು ಉಳಿದಿದೆ.