ಬ್ಯಾಟರಿ ಕಾರು: ಮೊದಲು ಲೆಕ್ಕ, ಆಮೇಲೆ ಬುಕಿಂಗ್!

(ಯಲಹಂಕದಲ್ಲಿ ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಓದಿದ್ದು ಪಿ.ಯು.ಸಿ.ವರೆಗೆ ಮಾತ್ರ. ಮುದ್ರಣ ಯಂತ್ರದ ಮುಂದೆ ನಿಂತು ಹೊಟ್ಟೆ ಹೊರೆಯುವವನು. ಕಾರಿನ ಇಂಜಿನಿಯರ್ ನಾನಲ್ಲ, ಆದರೆ ಲೆಕ್ಕ ಗೊತ್ತು. ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: ಎಷ್ಟು ಪ್ರತಿ ಬೇಕು? ನೂರು ಪ್ರತಿಗೂ ಪ್ಲೇಟ್ ಖರ್ಚು ಅಷ್ಟೇ, ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಿದಷ್ಟೂ ಒಂದೊಂದರ ಮೇಲೆ ಬೀಳುವ ಖರ್ಚು ಇಳಿಯುತ್ತದೆ. ಬ್ಯಾಟರಿ ಕಾರಿನ ಗುಟ್ಟೂ ಇಷ್ಟೇ. ಕೊಳ್ಳುವ ಬೆಲೆ ಪ್ಲೇಟ್ ಇದ್ದಂತೆ, ಓಡಿಸುವ ಕಿಲೋಮೀಟರ್ ಪ್ರತಿ ಇದ್ದಂತೆ.

ಈ ಕಾರು ನಮಗೆ ಹೊರಗಿನಿಂದ ಬಂದ ಅಚ್ಚರಿಯಲ್ಲ. 2001ರಲ್ಲೇ ನಮ್ಮ ಬೆಂಗಳೂರಿನಲ್ಲಿ ರೇವಾ ಕಾರು ರಸ್ತೆಗಿಳಿಯಿತು. ಚೇತನ್ ಮೈನಿಯವರ ಆ ಪುಟ್ಟ ಗಾಡಿ ಲಂಡನ್ ಬೀದಿಗಳಲ್ಲೂ ಓಡಿತು. 2010ರಲ್ಲಿ ಮಹೀಂದ್ರಾ ಕಂಪನಿ ಅದರ ಹೆಚ್ಚಿನ ಪಾಲನ್ನು ಕೊಂಡಿತು, 2013ರಲ್ಲಿ ಇ2ಒ ಎಂಬ ಕಾರು ತಂದಿತು. ಇಂದು ಎರಡೂ ಹೊಸದಾಗಿ ಸಿಗುವುದಿಲ್ಲ. ಬೇಗ ಬಂದವರು ನಾವು. ಆದ್ದರಿಂದ ಮೊದಲು ಪಾಠ ಕಲಿಯಬೇಕಾದವರೂ ನಾವೇ. ಪಾಠ ಏನು? ಕಾರಿನ ಜೀವ ಇರುವುದು ಬ್ಯಾಟರಿಯಲ್ಲಿ. ಬ್ಯಾಟರಿಯ ಲೆಕ್ಕ ಹಾಕದವನು ಕಾರಿನ ಲೆಕ್ಕ ಹಾಕಿದಂತಲ್ಲ.

ಈಗ ಬೆಲೆಗೆ ಬರೋಣ. ಟಾಟಾ ಟಿಯಾಗೊ ಇವಿ 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ ಆರಂಭದ ಬೆಲೆ 8.49 ಲಕ್ಷ ರೂಪಾಯಿ. ವಿದ್ಯುತ್ ವಾಹನದ ಜಿ.ಎಸ್.ಟಿ. 2019ರ ಆಗಸ್ಟ್‌ನಿಂದ ಶೇ. 5. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಅಂದರೆ ಎರಡರ ನಡುವಿನ ಕಂದಕ ಮತ್ತೆ ಅಗಲವಾಯಿತು. ನಮ್ಮ ರಾಜ್ಯ 2016ರಲ್ಲಿ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ ಬಿಟ್ಟುಕೊಟ್ಟಿತ್ತು. 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ. 10 ತೆರಿಗೆ ಹಾಕಿತು. ಸರ್ಕಾರ ಕೊಟ್ಟದ್ದನ್ನು ಸರ್ಕಾರ ಹಿಂದಕ್ಕೆ ಪಡೆಯಬಲ್ಲದು. ಬುಕ್ ಮಾಡುವ ದಿನ ತೆರಿಗೆ ಎಷ್ಟೆಂದು ನಿಮ್ಮ ಆರ್.ಟಿ.ಓ. ಕಚೇರಿಯಲ್ಲೇ ಕೇಳಿ. "ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಸಾರ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ಎಲ್ಲ ಸೇರಿ ಬ್ಯಾಟರಿ ಕಾರಿಗೆ 3 ಲಕ್ಷ ಹೆಚ್ಚು ಬಿತ್ತು ಎಂದು ಇಟ್ಟುಕೊಳ್ಳೋಣ. ಆ ಹೆಚ್ಚುವರಿ ಹಣವನ್ನು ಶೇ. 9 ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 6,228 ರೂಪಾಯಿ. ಒಟ್ಟು ತೀರಿಸುವುದು ಸುಮಾರು 3.74 ಲಕ್ಷ. ಇದು ನಮ್ಮ ಪ್ಲೇಟ್ ಖರ್ಚು.

ಇನ್ನು ಓಡಿಸುವ ಖರ್ಚು. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿಯಿರಿ. ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಲೀಟರಿಗೆ 15 ಕಿ.ಮೀ. ಸಿಕ್ಕರೆ ಪುಣ್ಯ. ಕಿಲೋಮೀಟರಿಗೆ 6 ರೂಪಾಯಿ 87 ಪೈಸೆ. ಬ್ಯಾಟರಿ ಕಾರು ಒಂದು ಯೂನಿಟ್‌ಗೆ 7 ಕಿ.ಮೀ. ಓಡುತ್ತದೆಂದು ಕೈ ಬಿಗಿಹಿಡಿದೇ ಲೆಕ್ಕ ಹಾಕೋಣ. 2025-26ರ ಬೆಸ್ಕಾಂ ಗೃಹಬಳಕೆ ದರ ಯೂನಿಟ್‌ಗೆ 5.80, ಪಿಂಚಣಿ ಸರ್‌ಚಾರ್ಜ್ 36 ಪೈಸೆ, ಮೇಲೆ ಶೇ. 9 ತೆರಿಗೆ. ಕಿಲೋಮೀಟರಿಗೆ 1 ರೂಪಾಯಿಯೊಳಗೆ! ಉಳಿತಾಯ 5 ರೂಪಾಯಿ 90 ಪೈಸೆ.

ಹಾಗಾದರೆ 3.74 ಲಕ್ಷ ಹುಟ್ಟಲು ಎಷ್ಟು ಓಡಬೇಕು? ಸುಮಾರು 63,000 ಕಿ.ಮೀ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿಬರುವವನು 70 ಕಿ.ಮೀ. ಮೀರುತ್ತಾನೆ, ತಿಂಗಳಿಗೆ ಹತ್ತಿರ ಹತ್ತಿರ 2,000. ಅವನಿಗೆ ಮೂರು ವರ್ಷದೊಳಗೆ ಹಣ ವಾಪಸ್. ತಿಂಗಳಿಗೆ 1,000 ಓಡಿಸುವವನಿಗೆ ಐದೂಕಾಲು ವರ್ಷ. ಆರ್.ಟಿ. ನಗರದಿಂದ ಯಶವಂತಪುರದ ಮಾರುಕಟ್ಟೆಗೆ, ಭಾನುವಾರ ನೆಂಟರ ಮನೆಗೆ ಎಂದು ತಿಂಗಳಿಗೆ 400 ಓಡಿಸುವವನಿಗೆ? ಹದಿಮೂರು ವರ್ಷ! ಟಿಯಾಗೊ ಇವಿ ಬ್ಯಾಟರಿಗೆ ಕಂಪನಿ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಹಣ ಹುಟ್ಟುವ ಮೊದಲೇ ವಾರಂಟಿ ತೀರುತ್ತದೆ. ಇವನು ಪಕ್ಕದ ಮನೆಯವನನ್ನು ನೋಡಿ ಕೊಂಡರೆ ಅದು ಶೋಕಿಯೇ ಹೊರತು ಉಳಿತಾಯವಲ್ಲ.

ಇಲ್ಲಿ ಇನ್ನೊಂದು ಬಲೆ ಇದೆ, ಕಿವಿಗೊಟ್ಟು ಕೇಳಿ. 2023ರಿಂದ ನಮ್ಮಲ್ಲಿ ಬಹಳ ಮನೆಗಳಿಗೆ ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರುತ್ತಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಮನೆಗೆ 90 ಯೂನಿಟ್, 1,000 ಕಿ.ಮೀ. ಓಡುವ ಕಾರಿಗೆ 143 ಯೂನಿಟ್, ಒಟ್ಟು 233. ಮೂರು ಕಿಲೋವ್ಯಾಟ್‌ನ ನಿಗದಿತ ಶುಲ್ಕವೂ ಸೇರಿ ಬಿಲ್ಲು ಸುಮಾರು 2,000 ರೂಪಾಯಿ! ನಿನ್ನೆಯವರೆಗೆ ಸೊನ್ನೆ ಇದ್ದದ್ದು. ಅಂದರೆ ಕಿಲೋಮೀಟರಿಗೆ ಒಂದಲ್ಲ, ಎರಡು ರೂಪಾಯಿ. ಹಣ ಹುಟ್ಟಲು ಆರೂವರೆ ವರ್ಷ. ಶೋರೂಮಿನ ಹುಡುಗ ಇದನ್ನು ಹೇಳುವುದಿಲ್ಲ. ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸುವ ದಾರಿಯೂ ಇದೆ. ನಿಮ್ಮ ಬೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ.

ಬಾಡಿಗೆ ಮನೆಯಲ್ಲಿರುವ ತಮ್ಮಂದಿರೇ, ನಿಮ್ಮ ಪಾಡು ಬೇರೆ. ಸಾಧಾರಣ 15 ಆಂಪಿಯರ್ ಪ್ಲಗ್ಗಿನಲ್ಲಿ ಈ ಕಾರು ತುಂಬಲು 8-9 ಗಂಟೆ ಬೇಕು. ರಾತ್ರಿಯಿಡೀ ವೈರು ಎಳೆಯಲು ಮಾಲೀಕರು ಒಪ್ಪುತ್ತಾರೆಯೇ? ಗಾಡಿ ನಿಲ್ಲುವುದು ಬೀದಿಯಲ್ಲೇ? ಹಾಗಿದ್ದರೆ ಹೊರಗಿನ ಚಾರ್ಜಿಂಗ್ ಕೇಂದ್ರವೇ ಗತಿ. ಅಲ್ಲಿ ಯೂನಿಟ್‌ಗೆ 20 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ 86 ಪೈಸೆ. ತಿಂಗಳಿಗೆ 1,000 ಓಡಿಸಿದರೂ ಹಣ ಹುಟ್ಟಲು ಎಂಟು ವರ್ಷಕ್ಕೆ ಮೂರು ತಿಂಗಳು ಕಮ್ಮಿ.

ಬ್ಯಾಟರಿಯನ್ನೇ ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. ಎಂ.ಜಿ. ಕಾಮೆಟ್ ಕಾರಿಗೆ 2024ರಲ್ಲಿ ಕಾರಿನ ಬೆಲೆ 4.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ ಎಂದಿದ್ದರು. ಕರೆಂಟಿನ ಒಂದು ರೂಪಾಯಿ ಸೇರಿಸಿದರೂ ಪೆಟ್ರೋಲಿನ ಅರ್ಧ. ಕಡಿಮೆ ಓಡಿಸುವವರಿಗೆ ಇದು ಒಗ್ಗಬಹುದು. ಆದರೆ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ದುಡ್ಡು ಕಟ್ಟಲೇಬೇಕೆಂಬ ಷರತ್ತಿದೆಯೇ? ಕೇಳಿ, ಬರೆಸಿಕೊಳ್ಳಿ.

ಬರೆಸಿಕೊಳ್ಳುವುದು ಎಂದಾಗ ಭಾಷೆಯ ಮಾತು ಬಂತು. ಅಚ್ಚಿನ ಮನೆಯವನಾಗಿ ಹೇಳುತ್ತೇನೆ: ಮನುಷ್ಯನನ್ನು ಕಟ್ಟಿಹಾಕುವುದು ದಪ್ಪ ಅಕ್ಷರದ ಜಾಹೀರಾತಲ್ಲ, ಸಣ್ಣ ಅಕ್ಷರದ ಷರತ್ತು. ಅದೂ ಇಂಗ್ಲಿಷಿನಲ್ಲಿ! ಬ್ಯಾಟರಿ ವಾರಂಟಿ ಯಾವಾಗ ರದ್ದಾಗುತ್ತದೆ, ನೀರು ನುಗ್ಗಿದರೆ ಯಾರ ತಲೆಗೆ, ಎಲ್ಲ ಅದರಲ್ಲಿ ಅಡಗಿದೆ. ಓದದೆ ರುಜು ಹಾಕಿದ ಮೇಲೆ ಗೋಳಾಡಿ ಫಲವೇನು? ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ. ಅದರ ಪ್ರಕಾರ ಸಾಲದ ಮುಖ್ಯ ವಿವರಗಳ ಪತ್ರವನ್ನು, ವರ್ಷದ ಒಟ್ಟು ಬಡ್ಡಿ ಮತ್ತು ಶುಲ್ಕದ ದರ ಸಮೇತ, ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಇದು ಅನ್ವಯ. ಇದು ಭಿಕ್ಷೆಯಲ್ಲ, ಹಕ್ಕು. "ಕನ್ನಡದಲ್ಲಿ ಕೊಡಿ, ಓದಿ ರುಜು ಹಾಕುತ್ತೇನೆ" ಎನ್ನಿ. ಕೊಡದಿದ್ದರೆ ಎದ್ದು ಬನ್ನಿ. ಸಾಲ ಕೊಡುವ ಅಂಗಡಿಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ.

ಹೊಗೆಯಿಲ್ಲದ ಕಾರು ಊರಿಗೆ ಒಳ್ಳೆಯದು. ನಾನು ಬೇಡ ಎನ್ನುತ್ತಿಲ್ಲ. ಈ ತಿಂಗಳು ನಿಮ್ಮ ಗಾಡಿಯ ಮೀಟರ್ ನೋಡಿ ಕಿಲೋಮೀಟರ್ ಬರೆದಿಡಿ. ಕರೆಂಟ್ ಬಿಲ್ಲು ಪಕ್ಕದಲ್ಲಿಡಿ. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿಯ ಜೊತೆ ಕೂತು ಕೂಡಿಸಿ, ಕಳೆಯಿರಿ. ಲೆಕ್ಕ ಕೂಡಿದರೆ ಧೈರ್ಯವಾಗಿ ಕೊಳ್ಳಿ. ಕೂಡದಿದ್ದರೆ ಬಿ.ಎಂ.ಟಿ.ಸಿ. ಬಸ್ಸು ಹತ್ತಲು ನಾಚಿಕೆ ಏಕೆ?

ಸಿರಿಗನ್ನಡಂ ಗೆಲ್ಗೆ!